ಕಾಗೆ ಜಾಕೆಟ್ಟಿಗೊಂದು ದೀರ್ಘ

ಅಲ್ಪವಿರಾಮರ ಕೊರಗು ಒಂದೇ: ತಾವು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಸ್ಸಿನಲ್ಲಿ ಅವರು ಕೂತಿದ್ದ ಸೀಟು ಖಾಲಿಯಿದೆಯೆಂದು ಜನ ಅವರ ತೊಡೆಯ ಮೇಲೇ ಕೂರಲು ಬರುತ್ತಿದ್ದರು. ಅಂಗಡಿಯಲ್ಲಿ ಅವರ ಹಿಂದೆ ಬಂದ ಮೂವರು ಸಾಮಾನು ಕಟ್ಟಿಸಿಕೊಂಡು ಹೋದ ಮೇಲೆ ಅಂಗಡಿಯವನು ನೆಮ್ಮದಿಯಿಂದ ಬಾಗಿಲು ಎಳೆದುಕೊಳ್ಳುತ್ತಿದ್ದ. ಒಮ್ಮೆಯಂತೂ ಅವರು ಕೆಲಸ ಮಾಡುವ ಮುದ್ರಣಾಲಯಕ್ಕೆ ಬಣ್ಣ ಬಳಿಯಲು ಬಂದವನು ಗೋಡೆಗೆ ಒರಗಿ ನಿಂತಿದ್ದ ಅವರನ್ನೂ ಸೇರಿಸಿ ಒಂದು ಮೊಳ ಬಳಿದೇಬಿಟ್ಟಿದ್ದ. (ತಪ್ಪು ಅವನದಲ್ಲ. ಅಲ್ಪವಿರಾಮರ ಸ್ವೆಟರಿಗೂ ಗೋಡೆಗೂ ಒಂದೇ ಡಬ್ಬಿಯಿಂದ ಬಣ್ಣ ಬಂದಂತಿತ್ತು.)

ಅವರು ಆ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಇಪ್ಪತ್ತಾರು ವರ್ಷಗಳಿಂದ ಪರರ ಪುಸ್ತಕಗಳಲ್ಲಿ ಬಿಟ್ಟುಹೋದ ಕೊಂಬು, ಒತ್ತು, ದೀರ್ಘಗಳನ್ನು ಹೆಕ್ಕಿ ಹೆಕ್ಕಿ ಹಾಕುತ್ತ ಬಂದಿದ್ದರು. ಆದರೆ ಅಡ್ಡಹೆಸರು ಬಂದದ್ದು ಕೆಲಸದಿಂದಲ್ಲ, ಮಾತಿನಿಂದ. "ನಾನು ಏನು ಹೇಳೋಕೆ ಹೊರಟೆ ಅಂದ್ರೆ," ಎಂದು ಶುರುಮಾಡಿ ಅವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಎದುರಿಗಿದ್ದವರು ಮಿಕ್ಕದ್ದನ್ನು ತಾವೇ ಹೇಳಿ, ತಾವೇ ಒಪ್ಪಿ, ಹೊರಟೂಹೋಗಿರುತ್ತಿದ್ದರು. ಅವರ ಒಂದು ವಾಕ್ಯವಾದರೂ ಪೂರ್ಣವಿರಾಮದ ಮುಖ ಕಂಡದ್ದಿಲ್ಲ. ಮುದ್ರಣಾಲಯದ ಗೆಳೆಯರು ಮೊದಲು 'ಕಾಮಾ' ಎಂದೇ ಕರೆಯಬೇಕೆಂದಿದ್ದರು. ಆ ಹೆಸರು ಮನೆಯವರೆಗೆ ಹೋಗಿ ಅಲ್ಲಿ ಬೇರೆ ಅರ್ಥ ಕೊಟ್ಟರೆ ಕಷ್ಟವೆಂದು ವ್ಯಾಕರಣ ಪುಸ್ತಕದ ಹೆಸರನ್ನೇ ಇಟ್ಟರು.

ಮನೆಯಾಕೆ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವಾಕೆ. ಆ ಊರಿನಲ್ಲಿ ಸ್ಟೀರಿಂಗ್ ಹಿಡಿದ ಅರ್ಧ ಜನ ಆಕೆಯಿಂದ ಬೈಸಿಕೊಂಡೇ ಲೈಸೆನ್ಸ್ ಪಡೆದವರು. ಕಲಿಸುವ ಕಾರಿನಲ್ಲಿ ಗುರುಗಳ ಕಾಲ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಅಂಥದ್ದೊಂದು ಅವರ ಸಂಸಾರದಲ್ಲೂ ಇತ್ತು. ಅಲ್ಪವಿರಾಮರು ಯಾವ ಯೋಚನೆಯನ್ನೇ ಸ್ಟಾರ್ಟ್ ಮಾಡಲಿ, ಆಕೆ ಇದ್ದಲ್ಲಿಂದಲೇ ಕಾಲು ಒತ್ತಿ ನಿಲ್ಲಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡನಿಗೂ ಕಲಿಸಲು ಹೋಗಿದ್ದಳು. ಬರೆಯುವ ಪರೀಕ್ಷೆಯಲ್ಲಿ ಅವರಿಗೆ ನೂರಕ್ಕೆ ನೂರು ಬಂತು. ಜೊತೆಗೆ ಪ್ರಶ್ನೆಪತ್ರಿಕೆಯ ಒಂಬತ್ತು ಕಾಗುಣಿತದ ತಪ್ಪನ್ನೂ ತಿದ್ದಿ ಕೊಟ್ಟಿದ್ದರು. ಓಡಿಸುವ ಪರೀಕ್ಷೆಯಲ್ಲಿ ಪರೀಕ್ಷಾಧಿಕಾರಿಯ ಮೇಜಿನವರೆಗೂ ಕಾರು ತಂದು ನಿಲ್ಲಿಸಿದರು. ಮೇಜು ಇದ್ದದ್ದು ಕೋಣೆಯ ಒಳಗೆ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಆ ಚಳಿಗಾಲದಲ್ಲಿ ಗೋಡೆ ಬಣ್ಣದ ಸ್ವೆಟರು ಬಿಸಿನೀರಿಗೆ ಬಿದ್ದು ಗೊಂಬೆಗೆ ಹಾಕುವಷ್ಟಾಯಿತು. ಹೆಂಡತಿ ಅಪ್ಪಣೆ ಕೊಟ್ಟಳು: "ಹೋಗಿ ಬೆಚ್ಚಗಿರೋದು ಒಂದು ತಗೊಂಡು ಬನ್ನಿ. ಬೂದು ಬಣ್ಣದ್ದು. ಕೊಳೆ ಕಾಣಲ್ಲ."

ಭಾನುವಾರ ಫುಟ್‌ಪಾತಿನ ಮೇಲೆ ಹಳೇ ಬಟ್ಟೆ ಗುಡ್ಡೆ ಹಾಕಿ ಮಾರುವವನ ಹತ್ತಿರ ಬೂದು ಬಣ್ಣದ್ದು ಹದಿನೇಳು ಇದ್ದವು. ಎಲ್ಲವೂ ಅವರಂಥವರೇ ಇಬ್ಬರು ಹಿಡಿಸುವಂತಿದ್ದವು. ಮೈಗೆ ಸರಿಯಾಗಿ ಕೂತದ್ದು ಒಂದೇ: ಗುಡ್ಡೆಯ ತಳದಲ್ಲಿದ್ದ ಕರೀ ತೊಗಲಿನ ಜಾಕೆಟ್ಟು. ಹಾಕಿಕೊಂಡಾಗ ಬೆನ್ನು ತಾನಾಗಿ ನೆಟ್ಟಗಾಯಿತು. (ತೊಗಲು ಬಿರುಸಾಗಿತ್ತು, ಬಗ್ಗುತ್ತಿರಲಿಲ್ಲ, ಅಷ್ಟೇ. ಆದರೆ ಅಲ್ಪವಿರಾಮರು ಅದನ್ನು ಆತ್ಮವಿಶ್ವಾಸವೆಂದು ತಿಳಿದರು.)

ಮನೆಗೆ ಬಂದು ತಿರುಗಿ ನಿಂತಾಗ ಹೆಂಡತಿ ಕೇಳಿದಳು, "ಏನ್ರೀ ಇದು, ಬೆನ್ನ ಮೇಲೆ ಕಾಗೆ?"

"ಹದ್ದು ಇರಬಹುದು, ನಾನು ಏನು ಹೇಳ್ತೀನಿ ಅಂದ್ರೆ,"

"ಹದ್ದಲ್ಲ, ಕಾಗೆ. ಕೊಕ್ಕಲ್ಲಿ ಸ್ಪ್ಯಾನರ್ ಕಚ್ಚಿಕೊಂಡಿದೆ. ಬೂದು ಬಣ್ಣ ಅಂದ್ರೆ ಕರೀದು ತಂದಿದ್ದೀರಲ್ಲ, ನಿಮ್ಮ ಕಣ್ಣು ತಪಾಸಣೆ ಮಾಡಿಸ್ಬೇಕು."

ಜಾಕೆಟ್ಟನ್ನು ಕಳಚಿ ಮೇಜಿನ ಮೇಲೆ ಹರಡಿ ನೋಡಿದರು. ಕಾಗೆ, ಕೊಕ್ಕು, ಸ್ಪ್ಯಾನರು ಎಲ್ಲ ಇದ್ದವು. ಬೇರೆ ಯಾರೇ ಆಗಿದ್ದರೂ ಅದನ್ನೇ ನೋಡುತ್ತಿದ್ದರು. ಅಲ್ಪವಿರಾಮರ ಕಣ್ಣು ನೆಟ್ಟದ್ದು ಕಾಗೆಯ ತಲೆಯ ಮೇಲೆ ಕಮಾನಿನಂತೆ ಬಿಳಿ ದಾರದಲ್ಲಿ ಹೊಲಿದಿದ್ದ ಅಕ್ಷರಗಳ ಮೇಲೆ.

'ಕಾಗೆ ಹಾರಿದ್ದೆ ದಾರಿ.'

"ಅಯ್ಯೋ! ಹಾರಿದ್ದೇ ಆಗ್ಬೇಕು. ದೀರ್ಘ ಇಲ್ಲ!" ಎಂದು ಕೂಗಿಕೊಂಡರು, ಮನೆಗೆ ಬೆಂಕಿ ಬಿದ್ದವರಂತೆ.

ಅಕ್ಷರ ತಪ್ಪಿರುವ ಬಟ್ಟೆಯನ್ನು ಬೆನ್ನಿಗೆ ಹಾಕಿಕೊಂಡು ಅವರು ಬೀದಿಗೆ ಇಳಿಯುವುದುಂಟೆ? ಅಂದು ಮಧ್ಯಾಹ್ನ ಊಟವಾದ ಮೇಲೆ ಕಿಟಕಿಯ ಬಳಿ ಕೂತು, ದಪ್ಪ ಸೂಜಿಗೆ ಬಿಳಿ ದಾರ ಪೋಣಿಸಿ, ಮೂರು ಬಾರಿ ಬೆರಳು ಚುಚ್ಚಿಕೊಂಡು, ಆ 'ದ್ದೆ'ಯ ಪಕ್ಕಕ್ಕೆ ಒಂದು ಮುದ್ದಾದ ದೀರ್ಘ ಎಳೆದರು. ಹೆಂಡತಿಯೂ ಸುಮ್ಮನಿರಲಿಲ್ಲ. ಬಿದ್ದುಹೋಗಿದ್ದ ಎದೆಯ ಗುಂಡಿಯೊಂದನ್ನು, ಡಬ್ಬಿಯಲ್ಲಿ ಕರೀ ದಾರ ಮುಗಿದಿದ್ದರಿಂದ, ಕೆಂಪು ದಾರದಲ್ಲಿ ಹೊಲಿದು ಕೊಟ್ಟಳು.

ಮರುದಿನದಿಂದ ಲೋಕವೇ ಬೇರೆಯಾಯಿತು.

ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಗುಡುಗುಡು ಎಂದು ಬಂದ ಮೋಟಾರ್ ಸೈಕಲ್ಲೊಂದು ಅವರನ್ನು ದಾಟಿ ಹೋಗಿ, ಗಕ್ಕನೆ ನಿಂತಿತು. ಸವಾರ ತಿರುಗಿ ಎರಡು ಬೆರಳನ್ನು ಹಣೆಗೆ ಮುಟ್ಟಿಸಿ ತಲೆ ಬಗ್ಗಿಸಿದ. ಅಲ್ಪವಿರಾಮರು ತಮ್ಮ ಹಿಂದೆ ಯಾರು ನಿಂತಿದ್ದಾರೆಂದು ನೋಡಿದರು. ಗೋಡೆ ಇತ್ತು. ಗುರುವಾರದೊಳಗೆ ಅಂಥ ನಮಸ್ಕಾರಗಳು ಏಳಾದವು. ಬಸ್ಸಿನಲ್ಲಿ ಜನ ಜಾಗ ಬಿಟ್ಟು ಸರಿದು ಕೂತರು. ಅಂಗಡಿಯವನು, "ಸಾರ್, ನಿಮಗೇನು ಬೇಕು?" ಎಂದ. ಆ ಪ್ರಶ್ನೆ ಎಷ್ಟು ಹೊಸದಾಗಿತ್ತೆಂದರೆ ಅಲ್ಪವಿರಾಮರಿಗೆ ತಮಗೇನು ಬೇಕಿತ್ತೆಂಬುದೇ ಮರೆತುಹೋಯಿತು. ಮೂರು ಸೋಪು ತಂದರು.

ಶುಕ್ರವಾರ ಕರಡು ತಿದ್ದುವವರನ್ನು ಹುಡುಕಿಕೊಂಡು ಕರಡಿ ಬಂತು.

ಆರಡಿ ಎತ್ತರ, ಎದೆಯವರೆಗೆ ಗಡ್ಡ, ಮೈಯೆಲ್ಲ ಕರೀ ತೊಗಲು, ಸೊಂಟದಲ್ಲಿ ಸರಪಳಿ. ಬೆನ್ನ ಮೇಲೆ ಅದೇ ಕಾಗೆ. ಗೆಳೆಯರೆಲ್ಲ ಆತನನ್ನು ಕರಡಿ ಎಂದೇ ಕರೆಯುತ್ತಿದ್ದರು. ಮುದ್ರಣಾಲಯದ ಬಾಗಿಲಿನಲ್ಲಿ ಆತ ನಿಂತಾಗ ಒಳಗೆ ಬೆಳಕು ಕಮ್ಮಿಯಾಯಿತು. (ಆತ ಶಿಶುವಿಹಾರದಲ್ಲಿ ಮೇಷ್ಟ್ರೆಂಬುದು ಆಮೇಲೆ ತಿಳಿಯಿತು. ಮಕ್ಕಳಿಗೆ ಮೂಗು ಒರೆಸಿ ಬಂದಿದ್ದ ಕರವಸ್ತ್ರ ಜೇಬಿನಲ್ಲಿತ್ತು.)

"ಅಣ್ಣಾ, ತಪ್ಪು ತಿಳ್ಕೋಬೇಡಿ," ಎಂದಿತು ಕರಡಿ, ಅಂಥ ದೇಹಕ್ಕೆ ಒಪ್ಪದ ಸಣ್ಣ ದನಿಯಲ್ಲಿ. "ಬೆನ್ನು ಸ್ವಲ್ಪ ತೋರಿಸ್ತೀರಾ?"

ಅಲ್ಪವಿರಾಮರು ಹೆದರಿಯೇ ತಿರುಗಿದರು. ಕರಡಿ ಬೆರಳಿಟ್ಟು ಒಂದೊಂದೇ ಅಕ್ಷರ ಓದಿತು. ದೀರ್ಘದ ಹತ್ತಿರ ಬಂದಾಗ ಬೆರಳು ನಿಂತಿತು.

"ಇದನ್ನ ಹೊಲಿದಿದ್ದು ಯಾರು?"

"ನಾನೇ. ತಪ್ಪಿತ್ತು, ಅದಕ್ಕೆ,"

"ತಪ್ಪಿತ್ತಂತೆ!" ಕರಡಿಯ ಕಣ್ಣು ಒದ್ದೆಯಾಯಿತು. "ತಪ್ಪಿತ್ತು ಅಂತ ಹೇಳೋ ಧೈರ್ಯ ಒಬ್ಬರಿಗೆ ಮಾತ್ರ ಇತ್ತು ಅಣ್ಣಾ."

ಸಂಗತಿ ಇಷ್ಟು. ಊರಾಚೆಯ ಗ್ಯಾರೇಜೊಂದರಲ್ಲಿ ಸೇರುವ ಮೋಟಾರ್ ಸೈಕಲ್ ಸವಾರರ ಒಂದು ಕೂಟ ಇತ್ತು. ತಮ್ಮನ್ನು ಕಾಗೆಗಳೆಂದು ಕರೆದುಕೊಳ್ಳುತ್ತಿದ್ದರು. ಇಪ್ಪತ್ತೆಂಟು ವರ್ಷಗಳ ಹಿಂದೆ ಒಬ್ಬ ಪುಣ್ಯಾತ್ಮ ಆ ಬಳಗ ಕಟ್ಟಿ, ಮೊದಲ ಜಾಕೆಟ್ಟಿನ ಮೇಲೆ ಆ ನಾಲ್ಕು ಮಾತನ್ನು ಸ್ವತಃ ಹೊಲಿದು, ಒಂದು ಕಾನೂನು ಮಾಡಿದ್ದ: ಈ ಅಕ್ಷರಗಳನ್ನು ತಾನೊಬ್ಬನ ಹೊರತು ಯಾರೂ ಮುಟ್ಟಕೂಡದು. (ಮಾತು ಮೂರೇ ಎಂದು ಅಲ್ಪವಿರಾಮರು ತಿದ್ದಬೇಕೆಂದುಕೊಂಡರು, ಬಾಯಿ ಬರಲಿಲ್ಲ.) ಆಮೇಲೆ ಒಂದು ದಿನ ಆತ ಎತ್ತಲೋ ಹೋದವನು ತಿರುಗಿ ಬರಲಿಲ್ಲ. ಈಗಿನ ಕಾಗೆಗಳಲ್ಲಿ ಆತನ ಮುಖ ನೋಡಿದವರಿಲ್ಲ. ಇದ್ದದ್ದು ಒಂದೇ ಫೋಟೋ. ಅದೂ ಹಿಂದಿನಿಂದ ತೆಗೆದದ್ದು. ಆತನ ಹೆಸರು ಮೊದಲ ಕಾಗೆ.

"ನೀವು... ಅವರೇ ಅಲ್ವಾ?"

"ಅಯ್ಯೋ, ನಾನು ಅಂಥ,"

"ಅಂಥ ದೊಡ್ಡವನಲ್ಲ ಅಂತೀರಾ? ದೊಡ್ಡವರು ಹೀಗೇ ಹೇಳೋದು. ಎದೆ ಮೇಲೆ ನೋಡಿ, ಕೆಂಪು ದಾರದ ಗುಂಡಿ! ಬಿದ್ದು ಎದ್ದವರು ಮಾತ್ರ ಹಾಕೋದು ಅದನ್ನ. ಎಲ್ಲಿ ಬಿದ್ರಿ ಅಣ್ಣಾ?"

"ಅದು... ಡಬ್ಬಿಯಲ್ಲಿ,"

"ಡಬ್ಬಿಯಂಥ ಕಣಿವೆಯಲ್ಲಿ!" ಕರಡಿ ತಲೆದೂಗಿತು. "ತೋಳಿನ ತುದೀಲಿ ರಕ್ತದ ಕಲೆ ಇನ್ನೂ ಹೋಗಿಲ್ಲ."

ಅದು ಕರಡು ತಿದ್ದುವ ಕೆಂಪು ಶಾಯಿ. ಅಲ್ಪವಿರಾಮರು ಅದನ್ನೂ ಹೇಳುವವರಿದ್ದರು, ಖಂಡಿತ ಹೇಳುವವರಿದ್ದರು. ಅಷ್ಟರಲ್ಲಿ ಕರಡಿ ಪಕ್ಕದ ಕುರ್ಚಿಯನ್ನು ಎಳೆದು, ಕರವಸ್ತ್ರದಿಂದ ಒರೆಸಿ, "ಕೂತ್ಕೊಳ್ಳಿ ಅಣ್ಣಾ," ಎಂದಿತು. ಇಪ್ಪತ್ತಾರು ವರ್ಷದಲ್ಲಿ ಆ ಮುದ್ರಣಾಲಯದಲ್ಲಿ ಅವರಿಗಾಗಿ ಒಂದು ಕುರ್ಚಿ ಒರೆಸಿದವರಿಲ್ಲ. ಅಲ್ಪವಿರಾಮರು ಕೂತರು. ಕೂತಮೇಲೆ ಏಳುವುದು ಅಷ್ಟು ಸುಲಭವಲ್ಲ.

ದಿನಾ ಸಂಜೆ ಗ್ಯಾರೇಜಿಗೆ ಹೋಗುವುದು ಶುರುವಾಯಿತು. ಅಲ್ಲಿ ಮೂಲೆಯಲ್ಲಿ ಒಬ್ಬ ತಾತ ಸದಾ ಯಾವುದೋ ಗಾಡಿಯ ಹೊಟ್ಟೆಯ ಕೆಳಗೆ ಮಲಗಿಕೊಂಡು ನಟ್ಟು ಬಿಗಿಯುತ್ತಿರುತ್ತಿದ್ದ. ಅಲ್ಪವಿರಾಮರನ್ನು ಮೊದಲ ದಿನ ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, "ಹ್ಞೂಂ," ಎಂದು ಮತ್ತೆ ಒಳಗೆ ಜಾರಿದ್ದ. ಮಿಕ್ಕ ನಲವತ್ತು ಕಾಗೆಗಳು ಮಾತ್ರ ಸುತ್ತ ಕೂತು ಅವರ ಬಾಯನ್ನೇ ನೋಡುತ್ತಿದ್ದವು. ಅವರ ಅರ್ಧಂಬರ್ಧ ಮಾತುಗಳಿಗೆ ಎಂಥ ಬೆಲೆ! "ರಸ್ತೆ ಅಂದ್ರೆ," ಎಂದು ಅವರು ನಿಲ್ಲಿಸಿದರೆ ಐದು ನಿಮಿಷ ಯಾರೂ ಉಸಿರೆತ್ತುತ್ತಿರಲಿಲ್ಲ. ಆಮೇಲೆ ಯಾರೋ, "ಎಂಥ ಮಾತು!" ಎನ್ನುತ್ತಿದ್ದರು.

ಅಲ್ಪವಿರಾಮರಿಗೆ ಅದಕ್ಕಿಂತ ಹಿಡಿಸಿದ್ದು ಅವರ ಬಟ್ಟೆಯ ವ್ಯಾಕರಣ. ಕಾಲರನ್ನು ಎಡಗಡೆ ಮಾತ್ರ ಎತ್ತಿದ್ದರೆ 'ಇವತ್ತು ನನ್ನ ಪಾಡಿಗೆ ಬಿಡಿ' ಎಂದರ್ಥ. ಜಿಪ್ಪು ಅರ್ಧಕ್ಕೆ ನಿಂತಿದ್ದರೆ ಹೊಸಬ, ಇನ್ನೂ ಸಂಧಿಯಾಗಿಲ್ಲ. ಬಲ ತೋಳು ಮಡಚಿದ್ದರೆ ಗಾಡಿ ಕೆಟ್ಟಿದೆ, ಸಹಾಯ ಬೇಕು. ತೋಳಿನ ಮೇಲಿನ ಒಂದೊಂದು ಚಕ್ರವೂ ಒಂದೊಂದು ದೂರದ ಸವಾರಿ. ಬಾಯಿ ಬಿಡದೆ ಮನುಷ್ಯ ಇಷ್ಟೆಲ್ಲ ಹೇಳಬಹುದೆ! ಜೀವನವಿಡೀ ಮಾತಿನಲ್ಲಿ ಸೋತವರಿಗೆ ಇದಕ್ಕಿಂತ ಒಳ್ಳೆಯ ಭಾಷೆ ಇನ್ನೊಂದಿರಲಿಲ್ಲ. ತಾವೂ ಬೀರುವಿನ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಡಿಗೆಗೆ ಝಣಝಣ ಬಂತು. (ಮನೆಯಲ್ಲಿ ಬೀರು ತೆಗೆಯಲಾಗದೆ ಹೆಂಡತಿ ಎರಡು ದಿನ ಒಂದೇ ಬಟ್ಟೆಯಲ್ಲಿ ಪಾಠ ಹೇಳಿದಳು.)

ಒಂದು ಸಂಜೆ ಊಟದ ಹೊತ್ತಿಗೆ ಅವರು, "ಈ ಸಾರಿಗೆ ಉಪ್ಪು ಕಮ್ಮಿ ಆಗಿದೆ," ಎಂದರು.

ಹೆಂಡತಿ ಸೌಟು ಕೆಳಗಿಟ್ಟಳು. "ಏನ್ರೀ? ವಾಕ್ಯ ಮುಗಿಸಿದ್ರಾ?"

"ಹೌದು."

"ಇನ್ನೊಂದೂ ಮುಗಿಸಿದ್ರಿ! ಮೈ ಹುಷಾರಾಗಿದೆಯಾ?"

ಸುಖ ಹೀಗೇ ಸಾಗುತ್ತಿತ್ತೋ ಏನೋ. ಆದರೆ ಒಂದು ಬುಧವಾರ ಕರಡಿ ಗ್ಯಾರೇಜಿನ ಒಳಕೋಣೆಯ ಬಾಗಿಲು ತೆರೆದು, ಒಂದು ದೊಡ್ಡ ದುಪ್ಪಟಿ ಎಳೆಯಿತು. ಅಡಿಯಲ್ಲಿ ಎಮ್ಮೆಯಷ್ಟು ದೊಡ್ಡ ಹಳೇ ಮೋಟಾರ್ ಸೈಕಲ್ಲು.

"ನಿಮ್ಮದೇ ಅಣ್ಣಾ. ಇಷ್ಟು ವರ್ಷ ಒರೆಸಿ ಇಟ್ಟಿದ್ದೀವಿ. ಈ ಭಾನುವಾರ ವರ್ಷದ ದೊಡ್ಡ ಸವಾರಿ. ಸಾಲಿನ ಮುಂದೆ ನೀವು."

"ನಾನು, ಗಾಡಿ ಓಡಿಸೋದು,"

"ಬಿಟ್ಟಿದ್ದೀರಾ? ಆ ಡಬ್ಬಿ ಕಣಿವೆ ಆದ್ಮೇಲೆ? ಗೊತ್ತು ಅಣ್ಣಾ. ಅದಕ್ಕೇ ಕೇಳ್ತಿರೋದು. ಒಂದೇ ಒಂದು ಸಲ."

ನಲವತ್ತು ಜೊತೆ ಕಣ್ಣು. ಆಗ ಹೇಳಿಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಅಲ್ಪವಿರಾಮರು ಬಾಯಿ ತೆರೆದು, ಮುಚ್ಚಿ, ಎರಡು ಬೆರಳನ್ನು ಹಣೆಗೆ ಮುಟ್ಟಿಸಿಬಿಟ್ಟರು. ಗ್ಯಾರೇಜು ಕೇಕೆಯಿಂದ ತುಂಬಿತು. ಗಾಡಿಯ ಕೆಳಗಿನಿಂದ ತಾತನ ಕೆಮ್ಮು ಕೇಳಿಸಿತು.

ಮನೆಗೆ ಬಂದವರೇ ಹೆಂಡತಿಯ ಹತ್ತಿರ ಬೆಣ್ಣೆಯಂಥ ದನಿ ಮಾಡಿಕೊಂಡು ಕೂತರು. "ನೋಡು, ನನಗೆ ಮೋಟಾರ್ ಸೈಕಲ್ ಕಲಿಸ್ತೀಯಾ?"

"ಯಾಕೆ?"

"ಆರೋಗ್ಯಕ್ಕೆ."

"ಯಾರ ಆರೋಗ್ಯಕ್ಕೆ?"

ಆದರೂ ಕಲಿಸಲು ಒಪ್ಪಿದಳು. ಕಲಿಯುವವರು ಸಿಕ್ಕರೆ ಬಿಡುವ ಜೀವ ಅಲ್ಲ ಅದು. ಶಾಲೆಯ ಹಿಂದಿನ ಖಾಲಿ ಮೈದಾನದಲ್ಲಿ, ಶಾಲೆಯದೇ ಒಂದು ಬಡಪಾಯಿ ಗಾಡಿಯ ಮೇಲೆ, ಗುರುವಾರ ಬೆಳಿಗ್ಗೆ ಪಾಠ ಶುರುವಾಯಿತು.

"ಎಡಗೈ ಕ್ಲಚ್ಚು. ಬಲಗೈ ಆಕ್ಸಿಲೇಟರ್. ಕ್ಲಚ್ಚು ಮೆಲ್ಲಗೆ ಬಿಡಿ, ಮೆಲ್ಲಗೆ."

"ಮೆಲ್ಲಗೆ ಅಂದ್ರೆ ಎಷ್ಟು,"

ಗಾಡಿ ನೆಗೆಯಿತು, ನಿಂತಿತು. ನೆಗೆಯಿತು, ನಿಂತಿತು.

"ಏನ್ರೀ ಇದು, ನಾಲ್ಕು ಹೆಜ್ಜೆಗೆ ಒಂದು ಸಲ ನಿಲ್ಲಿಸ್ತೀರಲ್ಲ! ನೀವು ಮಾತಾಡೋ ಹಾಗೇ ಓಡಿಸ್ತೀರಿ!"

ಶುಕ್ರವಾರ ಅವರು ನಿಲ್ಲಿಸಲಿಲ್ಲ. ಅದೇ ತೊಂದರೆಯಾಯಿತು. ಮೈದಾನದ ಅಂಚಿನ ಮರಳು ರಾಶಿ ಅವರನ್ನು ಪ್ರೀತಿಯಿಂದ ಬರಮಾಡಿಕೊಂಡಿತು. ಹೆಂಡತಿ ಕಾಲು ಹಿಡಿದು ಹೊರಗೆಳೆದಳು. ಜೇಬು, ಕಿವಿ, ಕಾಲುಚೀಲ ಎಲ್ಲ ಕೊಡವಿದರೂ ಶನಿವಾರ ಊಟದ ತಟ್ಟೆಯಲ್ಲಿ ಮರಳು ಉದುರುತ್ತಿತ್ತು.

"ನಿಜ ಹೇಳಿ," ಎಂದಳು ಅವಳು. "ಏನು ಸಮಾಚಾರ?"

"ನಾಳೆ ಬೆಳಿಗ್ಗೆ ಗ್ಯಾರೇಜಿನ ಹತ್ತಿರ ಬಿಡು. ಮೂಲೇಲಿ ಬಿಟ್ಟರೆ ಸಾಕು," ಎಂದಷ್ಟೇ ಹೇಳಿದರು.

ಮೂಲೆಯಲ್ಲಿ ಬಿಡುವುದೆಂದರೆ ಆಕೆಗೆ ಗೊತ್ತಿಲ್ಲ. ಭಾನುವಾರ ಬೆಳಿಗ್ಗೆ ತನ್ನ ಸ್ಕೂಟರಿನಲ್ಲಿ ಗಂಡನನ್ನು ಹಿಂದೆ ಕೂರಿಸಿಕೊಂಡು ನೇರ ಗ್ಯಾರೇಜಿನ ಅಂಗಳಕ್ಕೇ ನುಗ್ಗಿಸಿದಳು. ನಲವತ್ತು ಗಾಡಿಗಳು, ಅವುಗಳ ಹಿಂದಿನ ಸೀಟಿನಲ್ಲಿ ಹನ್ನೊಂದು ಜನ ಹೆಂಡಂದಿರು, ಎಲ್ಲರೂ ಸಾಲಾಗಿ ಕಾಯುತ್ತಿದ್ದರು. ಮೊದಲ ಕಾಗೆ ಸ್ಕೂಟರಿನ ಹಿಂದಿನಿಂದ ಇಳಿಯಿತು. ಒಂದು ಕ್ಷಣ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕರಡಿ ಮೊದಲು ಚೇತರಿಸಿಕೊಂಡು, "ಎಂಥ ವಿನಯ!" ಎಂದಿತು. ಎಲ್ಲ ಹಣೆಗಳಿಗೂ ಎರಡೆರಡು ಬೆರಳು ಏರಿದವು.

ಅಂಗಳದ ನಡುವೆ ಆ ಎಮ್ಮೆ ನಿಂತಿತ್ತು. ಅಲ್ಪವಿರಾಮರು ಅದರ ಮೇಲೆ ಹತ್ತಿದರು. ಕಾಲು ನೆಲಕ್ಕೆ ಎಟುಕಲಿಲ್ಲ, ಇಬ್ಬರು ಹಿಡಿದುಕೊಂಡರು. ಮೊದಲ ಸಲ ಕಿಕ್ ಹೊಡೆದರು. ಗಾಡಿ 'ಘುಕ್' ಎಂದಿತು. ಎರಡನೇ ಸಲ ಹೊಡೆದರು. ಗಾಡಿ ಅವರಿಗೇ ತಿರುಗಿ ಹೊಡೆಯಿತು. ಮೊಣಕಾಲು ಹಿಡಿದು ಕುಣಿಯುತ್ತ ಅವರು ಕೆಳಗಿಳಿದರು. ಆಗ ಅಲ್ಪವಿರಾಮರಿಗೆ ಒಂದು ವಿಚಾರ ಸ್ಪಷ್ಟವಾಯಿತು. ಕರಡಿಯ ಮುಖದ ಮೇಲೆ ಇನ್ನೂ ಭಕ್ತಿ ಇತ್ತು. ಅದು ಅಲ್ಲಿರುವಾಗಲೇ ಹೇಳಿಬಿಡಬೇಕು. ತಾನಾಗಿ ಇಳಿದುಹೋದ ಮೇಲೆ ಹೇಳಿ ಪ್ರಯೋಜನವಿಲ್ಲ. ಕಣ್ಣು ಮುಚ್ಚಿ, ಉಸಿರು ಎಳೆದು, ಬಾಳಿನಲ್ಲೇ ಅತಿ ಉದ್ದವಾದ ವಾಕ್ಯವನ್ನು ಶುರುಮಾಡಿದರು.

"ನಾನು ಮೊದಲ ಕಾಗೆ ಅಲ್ಲ, ಕಡೇ ಕಾಗೇನೂ ಅಲ್ಲ, ಈ ಜಾಕೆಟ್ಟು ಫುಟ್‌ಪಾತಲ್ಲಿ ಸಿಕ್ಕಿದ್ದು, ಗುಂಡಿ ಹೊಲಿದಿದ್ದು ನನ್ನ ಹೆಂಡತಿ, ಕಲೆ ಶಾಯೀದು, ನಾನು ಕರಡು ತಿದ್ದೋನು, ನೀವು ಮರ್ಯಾದೆ ಕೊಟ್ರಿ, ನನಗೆ ಬಿಡೋಕೆ ಮನಸ್ಸಾಗಲಿಲ್ಲ, ತಪ್ಪಾಯ್ತು."

ಪೂರ್ಣವಿರಾಮ ಬಿತ್ತು. ಕಣ್ಣು ಬಿಟ್ಟು ನೋಡಿದರು. ಒಬ್ಬರಾದರೂ ಇತ್ತ ನೋಡುತ್ತಿರಲಿಲ್ಲ.

ಏಕೆಂದರೆ ಅವರು 'ಮೊದಲ' ಎನ್ನುವ ಹೊತ್ತಿಗೇ ಹೆಂಡತಿ, ಇಪ್ಪತ್ತೆರಡು ವರ್ಷದ ವೃತ್ತಿಧರ್ಮ ತಡೆಯಲಾರದೆ, "ಕಿಕ್ ಹಾಗಾ ಹೊಡೆಯೋದು!" ಎಂದು ಮುಂದೆ ಬಂದು, ಎಮ್ಮೆಯ ಮೇಲೆ ಹತ್ತಿ ಕೂತು, ಒಂದೇ ಏಟಿಗೆ ಅದನ್ನು ಎಬ್ಬಿಸಿದ್ದಳು. ಇಡೀ ಊರಿಗೆ ಕೇಳುವ ಆ ಗುಡುಗಿನಲ್ಲಿ ಅಲ್ಪವಿರಾಮರ ಮಹಾವಾಕ್ಯ ಕೊಚ್ಚಿಹೋಗಿತ್ತು. ಈಗ ಆಕೆ ಸಾಲಿನ ಉದ್ದಕ್ಕೂ ತಪಾಸಣೆಗೆ ಹೊರಟಿದ್ದಳು.

"ನಿಮ್ಮ ಕನ್ನಡಿ ಎಲ್ಲಿ? ಮುಖ ನೋಡ್ಕೊಳ್ಳೋಕಲ್ಲ ಅದಿರೋದು, ಹಿಂದೆ ನೋಡೋಕೆ. ನೀವು, ಹೆಲ್ಮೆಟ್ ಕೈಗೆ ಸಿಕ್ಕಿಸ್ಕೊಂಡಿದ್ದೀರಲ್ಲ, ಮೆದುಳು ಮೊಣಕೈಲಿದೆಯಾ? ಗಡ್ಡದವರೇ, ಇಂಡಿಕೇಟರ್ ಹಾಕಿ. ಎಡಕ್ಕೆ ಅಂದೆ! ಶಿಶುವಿಹಾರದ ಮಕ್ಕಳಿಗೂ ಗೊತ್ತು ಎಡ ಯಾವುದು ಅಂತ."

"ಗೊತ್ತು ಮೇಡಂ, ನಾನೇ ಹೇಳ್ಕೊಡೋದು," ಎಂದಿತು ಕರಡಿ, ಮಕ್ಕಳ ಹಾಗೆ ಕೈ ಕಟ್ಟಿಕೊಂಡು.

ನಲವತ್ತು ಕಾಗೆಗಳ ಮುಖದಲ್ಲಿ ಅಲ್ಪವಿರಾಮರು ಹಿಂದೆಂದೂ ಕಾಣದ ಒಂದು ಕಾಂತಿ ಕಂಡರು. ತಮ್ಮನ್ನು ನೋಡುವಾಗ ಇದ್ದದ್ದು ಗೌರವ. ಇದು ಅದಲ್ಲ. ಬೈಯುವವರು ಸಿಕ್ಕಿದ ಆನಂದ.

"ಬೆಳಿಗ್ಗೆ ಚಳಿ. ಆ ಜಾಕೆಟ್ ಕೊಡಿ ಇಲ್ಲಿ," ಎಂದು ಆಕೆ ಕೈ ಚಾಚಿದಳು. ಅಲ್ಪವಿರಾಮರು ಬಿಚ್ಚಿ ಕೊಟ್ಟರು. ಅದು ಆಕೆಗೆ ಹೊಲಿಸಿದ ಹಾಗೇ ಕೂತಿತು. ಎಮ್ಮೆ ಗುಡುಗುತ್ತ ಅಂಗಳದಿಂದ ಹೊರಟಿತು. ಹಿಂದೆ ನಲವತ್ತು ಗಾಡಿ, ಎಲ್ಲವೂ ಇಂಡಿಕೇಟರ್ ಹಾಕಿಕೊಂಡು.

ಧೂಳು ಇಳಿದ ಮೇಲೆ ಅಂಗಳದಲ್ಲಿ ಉಳಿದವರು ಇಬ್ಬರು. ತಾತ ಕೈಗೆ ಅಂಟಿದ ಗ್ರೀಸು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತ.

"ಕೇಳಿಸ್ತು," ಎಂದ. "ನಿಮ್ಮ ಪಕ್ಕದ ಗಾಡಿ ಕೆಳಗೇ ಇದ್ದೆ. ಚೆನ್ನಾಗಿ ಹೇಳಿದ್ರಿ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಮೊದಲನೇ ದಿನಾನೇ. ಆ ಮೊದಲ ಕಾಗೆ ನನ್ನ ಸ್ನೇಹಿತ. ಈಗ ಮಗಳ ಮನೇಲಿ ಮೊಮ್ಮಗು ಎತ್ಕೊಂಡು ಓಡಾಡ್ತಾನೆ. ಹೊಟ್ಟೆ ಬಂತು, ಜಾಕೆಟ್ ಹಿಡಿಸಲಿಲ್ಲ, ಯಾರಿಗೋ ಕೊಟ್ಟ. ಕಾಗುಣಿತ ಅವನಿಗೆ ಮೊದಲಿಂದ್ಲೂ ಬರ್ತಿರಲಿಲ್ಲ. ನಾಚಿಕೆಗೆ ಆ ಕಾನೂನು ಮಾಡಿದ."

"ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ?"

ತಾತ ರಸ್ತೆಯ ಕಡೆ ನೋಡಿದ. "ಹುಡುಗರು ಯಾರನ್ನೋ ಕಾಯ್ತಾ ಇದ್ರು. ಯಾರಾದ್ರೂ ಬಂದ್ರೆ ಸಾಕಿತ್ತು. ನೀವು ಬಂದ್ರಿ, ಸ್ವಲ್ಪ ದಿನ ಸಂತೋಷವಾಗಿದ್ರು. ಈಗ ಆ ತಾಯಿ ಬಂದ್ರು." ಆಮೇಲೆ ಕೇಳಿದ, "ಮನೇಲೂ ಹೀಗೇನಾ?"

"ಹೀಗೇ," ಎಂದರು ಅಲ್ಪವಿರಾಮರು. ತಾತ ಒಳಗೆ ಹೋಗಿ ಅವರಿಗೊಂದು ಹಳೇ ಕಂಬಳಿ ತಂದು ಹೊದಿಸಿದ.

ಸಂಜೆ ಹೆಂಡತಿ ತೋಳಿಗೊಂದು ಚಕ್ರದ ಬ್ಯಾಡ್ಜು, ಕೆಂಪು ಕೆನ್ನೆ, ಹಾರಾಡುವ ಕೂದಲಿನೊಂದಿಗೆ ಮರಳಿದಳು. ಅಂದಿನಿಂದ ಭಾನುವಾರಗಳು ಕಾಗೆಗಳ ಪಾಲಾದವು. ಅಲ್ಪವಿರಾಮರು ತಮ್ಮ ತಪ್ಪೊಪ್ಪಿಗೆಯನ್ನು ಕರಡಿಗೆ ಇನ್ನೊಮ್ಮೆ ಹೇಳಿದರು. ಕರಡಿ ಬೇಜಾರು ಮಾಡಿಕೊಳ್ಳಲಿಲ್ಲ. "ಮೇಡಮ್ಮನ್ನ ಕರ್ಕೊಂಡು ಬಂದಿದ್ದು ನೀವೇ ಅಲ್ವಾ?" ಎಂದು ಸಮಾಧಾನ ಮಾಡಿ, ಅವರಿಗೂ ಬಳಗದಲ್ಲಿ ಒಂದು ಸ್ಥಾನ ಕೊಡಿಸಿತು. ಹಿಂದಿನ ಸೀಟಿನಲ್ಲಿ.

ಹಿಂದಿನ ಸೀಟಿನವರದು ಒಂದು ಬೇರೆಯೇ ಸಂಸ್ಥಾನ. ಹನ್ನೊಂದು ಹೆಂಡಂದಿರು, ಅವರ ನಾಯಕಿ ಕರಡಿಯ ಹೆಂಡತಿ, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಆಕೆ ಅಲ್ಪವಿರಾಮರ ಕತ್ತಿಗೆ ಹಳದಿ ಸ್ಕಾರ್ಫೊಂದನ್ನು ಹಾಕಿ ನಿಯಮ ತಿಳಿಸಿದರು.

"ಗಂಟು ಎಡಕ್ಕಿದ್ರೆ, ಇವತ್ತು ಬೆಳಿಗ್ಗೆ ಮನೇಲಿ ನಡೆದ ಜಗಳದಲ್ಲಿ ನಾನು ಗೆದ್ದೆ ಅಂತ. ಬಲಕ್ಕಿದ್ರೆ ಸೋತೆ ಅಂತ. ಹಿಂದಿದ್ರೆ ಮಾತು ಬಿಟ್ಟಿದ್ದೀವಿ ಅಂತ. ಸೋತವರು ಮಿಕ್ಕವರಿಗೆಲ್ಲ ಚಹಾ ಬಗ್ಗಿಸಬೇಕು."

ಅಲ್ಪವಿರಾಮರು ಸುತ್ತ ನೋಡಿದರು. ಹನ್ನೊಂದು ಗಂಟೂ ಎಡಕ್ಕೇ ಇದ್ದವು.

ಏಳು ಭಾನುವಾರ ಅವರೇ ಚಹಾ ಬಗ್ಗಿಸಿದರು. ಎಂಟನೆಯ ಭಾನುವಾರ ಬೆಳಿಗ್ಗೆ ಒಂದು ಪವಾಡ ನಡೆಯಿತು. ಡ್ರೈವಿಂಗ್ ಶಾಲೆಯ ಹೊಸ ಬೋರ್ಡಿಗೆ ಹೆಂಡತಿ 'ವಾಹನ ತರಭೇತಿ' ಎಂದು ಬರೆದು ತಂದಿದ್ದಳು. ತರಬೇತಿಗೆ ಮಹಾಪ್ರಾಣ ಇಲ್ಲ ಎಂದು ಅಲ್ಪವಿರಾಮರು. ಇದೆ, ಊರಲ್ಲೆಲ್ಲ ಹಾಗೇ ಬರೀತಾರೆ ಎಂದು ಅವಳು. ಮುಕ್ಕಾಲು ಗಂಟೆ ವಾದವಾಯಿತು. ಅಲ್ಪವಿರಾಮರು ನಿಘಂಟು ತಂದು ಪುಟ ತೆರೆದು ಎದುರಿಗಿಟ್ಟರು. ಅವಳು ಓದಿದಳು. ಮತ್ತೊಮ್ಮೆ ಓದಿದಳು.

"ಸರಿ. ನೀವು ಹೇಳಿದ್ದೇ ಸರಿ," ಎಂದಳು.

ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಮೊದಲ ಸಲ! ಅಲ್ಪವಿರಾಮರು ಕನ್ನಡಿಯ ಮುಂದೆ ನಿಂತು ಸ್ಕಾರ್ಫನ್ನು ಎಡಕ್ಕೆ ಕಟ್ಟಿದರು. ಬಿಚ್ಚಿ, ಇನ್ನೂ ದೊಡ್ಡ ಗಂಟು ಹಾಕಿ ಕಟ್ಟಿದರು. ದೂರದಿಂದಲೂ ಕಾಣಬೇಕು. ಗೇಟಿನ ಬಳಿ ಎಮ್ಮೆ ಗುಡುಗುತ್ತಿತ್ತು. ಅವರು ಹಿಂದೆ ಹತ್ತಲು ಹೋದಾಗ ಹೆಂಡತಿ ಹೆಲ್ಮೆಟ್ಟಿನ ಗಾಜು ಎತ್ತಿ ಅವರ ಕತ್ತು ನೋಡಿದಳು.

"ಗಂಟು ಬಲಕ್ಕೆ ಕಟ್ರಿ."

"ನಿನಗೆ ಅದು ಹೇಗೆ ಗೊತ್ತು?"

"ಡಾಕ್ಟರಮ್ಮ ಮೊದಲನೇ ವಾರಾನೇ ಹೇಳಿದ್ರು."

"ಆದ್ರೆ ಇವತ್ತು ಗೆದ್ದಿದ್ದು ನಾನು! ನೀನೇ ಒಪ್ಪಿದ್ದೀಯ!"

"ಗೆದ್ದಿದ್ದು ನೀವೇ, ಯಾರು ಇಲ್ಲ ಅಂದ್ರು? ಮನೇಲಿ ಗೆದ್ರಿ, ಮನೇಲಿ ಇಟ್ಕೊಳ್ಳಿ. ಅಲ್ಲಿ ನಲವತ್ತು ಜನ ನನ್ನ ಹಿಂದೆ ಬರ್ತಾರ್ರೀ. ಅವರೆಲ್ಲ ಇದನ್ನ ಓದ್ತಾರಲ್ಲ!"

ಹೇಳುತ್ತಲೇ ಕೈಗವಸಿನ ಕೈ ಚಾಚಿ, ಆ ದೊಡ್ಡ ಗಂಟನ್ನು ಸರ್ರನೆ ಬಲಕ್ಕೆ ಎಳೆದಳು. ಎಳೆದು, ಜಾರದಂತೆ ಇನ್ನೊಂದು ಸಲ ಬಿಗಿದಳು.

ಬೆಟ್ಟದ ತಿರುವಿನಲ್ಲಿ ಗಾಡಿಗಳು ನಿಂತಾಗ ಹನ್ನೊಂದು ಲೋಟಗಳು ಸಾಲಾಗಿ ಕಾಯುತ್ತಿದ್ದವು. ಅಲ್ಪವಿರಾಮರು ಫ್ಲಾಸ್ಕು ಎತ್ತಿಕೊಂಡರು.

"ಇವತ್ತೂ ಸೋತ್ರಾ?" ಎಂದು ಕೇಳಿದರು ಹಲ್ಲಿನ ಡಾಕ್ಟರು, ಮರುಕದಿಂದ.

"ಇವತ್ತು ನಿಜವಾಗಿ ನಾನು,"

"ಗೊತ್ತು ಬಿಡಿ," ಎಂದರು ಡಾಕ್ಟರು, ಲೋಟ ಮುಂದೆ ಹಿಡಿದು. "ನನಗೆ ಸಕ್ಕರೆ ಬೇಡ."